ಟ್ರಂಕ್ ಕೊಂಡಾಗಿತ್ತು

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಗಂಡ ತೀರಿಕೊಂಡು ಎರಡು ವರ್ಷ ಆಯ್ತು. ಇಬ್ಬರು ಗಂಡುಮಕ್ಕಳು. ಹೋದ ಜೂನ್‌ನಲ್ಲಿ ಒಂದು ಸಂಜೆ ಬಂದು, "ದೊಡ್ಡವನನ್ನ ಬಾಲಮಂದಿರಕ್ಕೆ ಸೇರಿಸ್ತೀನಿ, ಒಂದು ಅರ್ಜಿ ಬರೆದುಕೊಡಿ" ಅಂದರು. ಬಾಲಮಂದಿರ ಅಂದರೆ ಮಕ್ಕಳನ್ನು ಇಟ್ಟುಕೊಂಡು ಸಾಕುವ ಸರ್ಕಾರಿ ಸಂಸ್ಥೆ. ನಾನು ಪೆನ್ ಹುಡುಕುವಷ್ಟರಲ್ಲಿ ಇನ್ನೊಂದು ಪ್ರಶ್ನೆ. "ಭಾನುವಾರ ನೋಡೋಕೆ ಬಿಡ್ತಾರಾ?"

ಹುಡುಗನಿಗೆ ಒಂಬತ್ತು ವರ್ಷ. ಸಂತೆಯಲ್ಲಿ ತಗಡಿನ ಟ್ರಂಕ್ ಕೊಂಡೂ ಆಗಿತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು ಬರೆಸಿದ್ದರು.

ಆ ಮನೆಯಲ್ಲಿ ಕುಡಿತ ಇಲ್ಲ, ಹೊಡೆತ ಇಲ್ಲ. ತಿಂಗಳ ಕೊನೆಗೆ ಮೂರ್ನಾಲ್ಕು ಸಾವಿರ ಕಡಿಮೆ ಬೀಳುತ್ತದೆ, ಅಷ್ಟೇ. ಅಷ್ಟಕ್ಕೇ ಒಂದು ಮಗು ಮನೆ ಬಿಡಬೇಕಾ?

ಬಿಡಬೇಕಾಗಿಲ್ಲ ಅಂತ ಕಾನೂನೇ ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ಯಾವ ದಾರಿಯೂ ಉಳಿಯದಿದ್ದಾಗ ಮಾತ್ರ. ದುಡ್ಡೂ ಇದೆ. ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರದ ಮಕ್ಕಳ ರಕ್ಷಣೆಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದು ಭಾಗ ಇದೆ. ವಿಧವೆಯರ ಮಕ್ಕಳು, ಗಂಡ ಬಿಟ್ಟುಹೋದವರ ಮಕ್ಕಳು, ಅಜ್ಜಿ-ಚಿಕ್ಕಪ್ಪನ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳು, ಇವರಿಗೆಲ್ಲ ತಿಂಗಳಿಗೆ 4,000 ರೂಪಾಯಿ. ಹಿಂದಿನ ಯೋಜನೆಯಲ್ಲಿ 2,000 ಇತ್ತು. ಮಗು ಅಮ್ಮನ ಹತ್ತಿರವೇ ಇದ್ದು, ಅದೇ ಶಾಲೆಗೆ ಹೋಗಲಿ ಅನ್ನೋದು ಉದ್ದೇಶ.

ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ. ಬಾಲಮಂದಿರ ಮಾತ್ರ ಗೊತ್ತಿತ್ತು. ಅದಕ್ಕೊಂದು ಗೇಟಿದೆ, ಬೋರ್ಡಿದೆ, ಬಸ್ಸಿನಲ್ಲಿ ಹೋಗುವಾಗ ಕಾಣಿಸುತ್ತದೆ. ಪ್ರಾಯೋಜಕತ್ವಕ್ಕೆ ಗೇಟ್ ಎಲ್ಲಿದೆ?

ನನ್ನ ತಕರಾರು ಇಲ್ಲಿಂದಲೇ ಶುರು. ಪ್ರತಿ ವರ್ಷ ರಾಜ್ಯ ಮಿಷನ್ ವಾತ್ಸಲ್ಯಕ್ಕೆ ತನ್ನ ಯೋಜನೆ ಮಾಡಿ ದಿಲ್ಲಿಯ ಒಪ್ಪಿಗೆಗೆ ಕಳಿಸುತ್ತದೆ. ಖರ್ಚು ಕೇಂದ್ರಕ್ಕೆ ಶೇ. 60, ರಾಜ್ಯಕ್ಕೆ ಶೇ. 40. ಆ ಕಾಗದದಲ್ಲಿ ಎಷ್ಟು ಬಾಲಮಂದಿರ, ಎಷ್ಟು ಮಂಚ, ಎಷ್ಟು ಸಿಬ್ಬಂದಿ ಅಂತ ಲೆಕ್ಕ ಹಾಕುವುದು ಸುಲಭ. ಟ್ರಂಕ್ ಕಟ್ಟದೇ ಮನೆಯಲ್ಲೇ ಉಳಿದ ಮಕ್ಕಳನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಹಾಗಂತ ಬಾಲಮಂದಿರಗಳೇ ಬೇಡ ಅನ್ನುತ್ತಿಲ್ಲ. ಕೆಲವು ಮಕ್ಕಳಿಗೆ ಮನೆಯೇ ಅಪಾಯ. ಅವರಿಗೆ ಆ ಗೇಟು ಬೇಕೇ ಬೇಕು.

ಇನ್ನು ಈ ದುಡ್ಡು ಸಿಗೋಕೆ ಇರುವ ಆದಾಯದ ಮಿತಿ. ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000. 72,000 ಅಂದರೆ ದಿನಕ್ಕೆ ಸುಮಾರು 200 ರೂಪಾಯಿ, ಅದೂ ಇಡೀ ಮನೆಗೆ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ಇತ್ತು. ಅದೇ ಲೆಕ್ಕದಲ್ಲಿ ಒಬ್ಬ ತಾಯಿಗೆ ವರ್ಷದಲ್ಲಿ 200 ದಿನ ಕೂಲಿ ಸಿಕ್ಕರೆ 74,000 ಆಗುತ್ತದೆ. ಅಲ್ಲಿಗೆ ಮಿತಿ ದಾಟಿದಳು! ಇದನ್ನು ಬರೆದವರು ಅಂಗಡಿಗೆ ಹೋಗಿ ಬೇಳೆ ಕೊಂಡು ಎಷ್ಟು ದಿನ ಆಯ್ತೋ.

ಸರಿ, ಅರ್ಜಿ ಹಾಕಿದೆವು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ, ಶಾಲೆಯಲ್ಲಿ ವ್ಯಾಸಂಗ ಪತ್ರ, ಗಂಡನ ಮರಣ ಪ್ರಮಾಣಪತ್ರ, ರೇಷನ್ ಕಾರ್ಡ್, ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ. ಎಲ್ಲವನ್ನೂ ಅಕ್ಕ ಬಟ್ಟೆ ಅಂಗಡಿಯ ಕವರ್‌ನಲ್ಲಿ ಹಾಕಿಕೊಂಡು ಓಡಾಡಿದರು. ಒಂದೊಂದು ಓಡಾಟಕ್ಕೂ ಒಂದು ದಿನದ ಕೂಲಿ ಖೋತಾ. ಆಮೇಲೆ ಯಾರಾದರೂ ಮನೆಗೆ ಬಂದು ನೋಡಿ ವರದಿ ಬರೆಯಬೇಕು. ಅದು ಜಿಲ್ಲಾಧಿಕಾರಿಗಳ ಸಮಿತಿಯ ಮುಂದೆ ಹೋಗಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇರುವುದೇ ಬೆರಳೆಣಿಕೆಯ ಜನ, ಅವರು ಎಷ್ಟು ಮನೆ ಹತ್ತಿ ಇಳಿಯುತ್ತಾರೆ? ಅವರನ್ನು ಬೈದು ಪ್ರಯೋಜನ ಇಲ್ಲ.

ನನಗೆ ಹೊಳೆಯುವುದು ಇಷ್ಟೇ. ಮನೆಯಲ್ಲಿ ಅಪ್ಪ ತೀರಿಕೊಂಡ ಸುದ್ದಿ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರ್‌ಗೆ ಅವತ್ತೇ ಗೊತ್ತಾಗುತ್ತದೆ. ಸ್ವಲ್ಪ ದಿನಕ್ಕೆ ಆ ಹೆಂಗಸು ವಿಧವಾ ವೇತನಕ್ಕೆ ಅರ್ಜಿ ಹಿಡಿದು ಬರುತ್ತಾಳೆ. ಅದೇ ಟೇಬಲ್ಲಿನಲ್ಲಿ "ಹದಿನೆಂಟರೊಳಗಿನ ಮಕ್ಕಳಿದ್ದಾರೇನಮ್ಮ?" ಅಂತ ಒಂದು ಮಾತು ಕೇಳಿ, ಪ್ರಾಯೋಜಕತ್ವದ ಅರ್ಜಿಯನ್ನೂ ಅಲ್ಲೇ ತುಂಬಿಸಿಕೊಂಡರೆ? ಕೊಟ್ಟ ಜೆರಾಕ್ಸ್‌ಗಳೇ ಮುಕ್ಕಾಲು ಪಾಲು ಇದಕ್ಕೂ ಸಾಕು. ನಮ್ಮಲ್ಲಿ ಒಂದು ಟೇಬಲ್ಲಿನ ಕಾಗದ ಪಕ್ಕದ ಟೇಬಲ್ಲಿಗೆ ನಡೆದು ಹೋಗುವುದಿಲ್ಲ. ಅದನ್ನೂ ಬಡವರೇ ಹೊತ್ತುಕೊಂಡು ಹೋಗಬೇಕು.

ಚಿಕ್ಕವನ ಕಥೆ ಬೇರೆ. ಅವನಿಗೆ ನಾಲ್ಕು ವರ್ಷ. ಅಂಗನವಾಡಿ ಬಿಟ್ಟ ಮೇಲೆ ನೋಡಿಕೊಳ್ಳುವವರಿಲ್ಲದೆ ಅಕ್ಕ ಅರ್ಧ ದಿನದ ಕೆಲಸಕ್ಕೇ ಹೋಗುತ್ತಿದ್ದರು. ಸಂಜೆವರೆಗೂ ಮಗು ನೋಡಿಕೊಳ್ಳುವ ಒಂದು ಜಾಗ ಪಕ್ಕದಲ್ಲೇ ಇದ್ದಿದ್ದರೆ ದೊಡ್ಡವನ ಟ್ರಂಕಿನ ಮಾತೇ ಬರುತ್ತಿರಲಿಲ್ಲವೇನೋ. ಕುಟುಂಬಕ್ಕೆ ನೆರವು ಅಂದರೆ ಬರೀ ದುಡ್ಡಲ್ಲ, ಸಂಜೆವರೆಗಿನ ಈ ಮೂರು ಗಂಟೆಯೂ ಹೌದು.

ಅರ್ಜಿ ಇನ್ನೂ ಮಂಜೂರಾಗಿಲ್ಲ. ಹೋದ ಸೋಮವಾರ ವಾಪಸ್ ಬಂತು. ಆಧಾರ್‌ನಲ್ಲಿ ಹುಡುಗನ ಹೆಸರಿಗೆ ಒಂದು 'ಎಚ್' ಜಾಸ್ತಿ ಇದೆಯಂತೆ, ಪಾಸ್‌ಬುಕ್‌ನಲ್ಲಿ ಇಲ್ಲವಂತೆ. ಸದ್ಯಕ್ಕೆ ನಾವು ಒಂದಿಷ್ಟು ಜನ ಸೇರಿ ತಿಂಗಳ ರೇಷನ್ ನೋಡಿಕೊಳ್ಳುತ್ತಿದ್ದೇವೆ. ಕಾಗದಗಳೆಲ್ಲ ಈಗ ಬಟ್ಟೆ ಅಂಗಡಿಯ ಕವರ್ ಬಿಟ್ಟು ಟ್ರಂಕ್ ಸೇರಿವೆ. ಹುಡುಗ ಅದರ ಮೇಲೆ ಪುಸ್ತಕ ಇಟ್ಟುಕೊಂಡು ಹೋಂವರ್ಕ್ ಬರೆಯುತ್ತಾನೆ.