ಕ್ಲೇಮ್ ಪ್ರೋಸೆಸ್‌ನಲ್ಲಿದೆ ಸಾರ್!

ಇನ್ಶೂರೆನ್ಸ್‌ನವರ ಬಾಯಿಂದ ಈ ಮಾತನ್ನು ಇನ್ನೊಂದು ಸಲ ಕೇಳಿದರೆ ಫೋನ್ ಎತ್ತಿ ಗೋಡೆಗೆ ಬೀಸುತ್ತೇನೆ.

ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಟೆಂಪೋದವನೊಬ್ಬ ಹಿಂದಿನಿಂದ ಬಂದು ಗುದ್ದಿದ. ಡಿಕ್ಕಿ ಒಳಗೆ ಹೋಯಿತು, ಟೈಲ್ ಲ್ಯಾಂಪ್ ಪುಡಿಪುಡಿ. ಅವನು ಕೆಳಗಿಳಿದು ಹೇಳಿದ್ದೇನು ಗೊತ್ತಾ? "ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೇಮ್ ಮಾಡ್ಕೊಳ್ಳಿ." ಸುತ್ತ ಸೇರಿದವರೂ ಅದನ್ನೇ ಹೇಳಿದರು. ಅವನ ಥರ್ಡ್ ಪಾರ್ಟಿ ವಿಮೆಯಲ್ಲಿ, ಅಂದರೆ ಅವನಿಂದ ಬೇರೆಯವರಿಗಾದ ನಷ್ಟ ತುಂಬುವ ವಿಮೆಯಲ್ಲಿ, ನನ್ನ ಗಾಡಿಯ ನಷ್ಟಕ್ಕೆ 7.5 ಲಕ್ಷದವರೆಗೆ ಅವಕಾಶ ಇದೆ. ಅದನ್ನು ಕೇಳಬೇಕಾದರೆ ಎಫ್‌ಐಆರ್, ವಕೀಲರು, ಅಪಘಾತ ಪರಿಹಾರದ ಟ್ರಿಬ್ಯೂನಲ್. ಒಂದು ಬಂಪರ್‌ಗೋಸ್ಕರ ಯಾರು ಕೋರ್ಟ್ ಮೆಟ್ಟಿಲು ಹತ್ತುತ್ತಾರೆ? ಹಾಗಾಗಿ ನನ್ನ ಪಾಲಿಸಿಯಲ್ಲೇ ಕ್ಲೇಮ್ ಹಾಕಿದೆ. ತಪ್ಪು ಅವನದು, ವರ್ಷಗಟ್ಟಲೆ ಕ್ಲೇಮ್ ಮಾಡದೆ ಕೂಡಿಸಿಕೊಂಡು ಬಂದಿದ್ದ ಪ್ರೀಮಿಯಂ ರಿಯಾಯಿತಿ, ಆ ನೋ ಕ್ಲೇಮ್ ಬೋನಸ್, ಹೋಗಿದ್ದು ನನ್ನದು.

ಸರಿ, ಅದೂ ಹೋಗಲಿ. ಕಾರು ಕೊಡಿ ಸ್ವಾಮಿ!

ರಿಪೇರಿಗೆ ಬಿಟ್ಟಿರುವ ಸರ್ವಿಸ್ ಸೆಂಟರ್‌ಗೆ ಕೇಳಿದರೆ "ಇನ್ಶೂರೆನ್ಸ್‌ನವರ ಅಪ್ರೂವಲ್ ಬಂದಿಲ್ಲ". ಇನ್ಶೂರೆನ್ಸ್‌ನವರಿಗೆ ಕೇಳಿದರೆ "ಸರ್ವೇಯರ್ ರಿಪೋರ್ಟ್ ಬಂದಿಲ್ಲ". ನಷ್ಟ ಅಳೆಯುವ ಆ ಸರ್ವೇಯರ್ ಸಾಹೇಬರು ಫೋನ್ ಎತ್ತಿದ ದಿನ "ಗ್ಯಾರೇಜಿನವರು ಸರಿಯಾದ ಎಸ್ಟಿಮೇಟ್ ಕೊಟ್ಟಿಲ್ಲ". ಮೂವರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿಲ್ಲ, ಅದೇ ತಮಾಷೆ.

ಅಲ್ಲಿಯವರೆಗೆ ನಾನು ಹೇಗೆ ಓಡಾಡಬೇಕು? ಆಫೀಸಿಗೇನೋ ಮೆಟ್ರೋ ಇದೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ 90 ರೂಪಾಯಿ, ವಾಪಸ್ ಇನ್ನೊಂದು 90. ಸಹಿಸಿಕೊಳ್ಳುತ್ತೇನೆ. ಆದರೆ ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಜಯನಗರಕ್ಕೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕು. ಅವರನ್ನು ಮೆಟ್ರೋ ಮೆಟ್ಟಿಲು ಹತ್ತಿಸಲಾ? ಆಟೋ ಮೀಟರ್ ಅಂದರೆ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಮೀಟರ್ ಹಾಕುವ ಪುಣ್ಯಾತ್ಮ ಸಿಕ್ಕರೆ ತಾನೇ? ಕ್ಯಾಬ್ ಬುಕ್ ಮಾಡಿದರೆ "ಎಲ್ಲಿಗೆ ಸಾರ್" ಅಂತ ಕೇಳಿ ಕ್ಯಾನ್ಸಲ್. ನಾವೇ ಓಡಿಸುವ ಬಾಡಿಗೆ ಕಾರು, ಆ ಕಪ್ಪು ಬೋರ್ಡಿನ ಸೆಲ್ಫ್ ಡ್ರೈವ್ ಗಾಡಿ ವಿಚಾರಿಸಿದೆ. ಡೆಪಾಸಿಟ್, ದಿನದ ಬಾಡಿಗೆ, ಕಿಲೋಮೀಟರ್ ಮಿತಿ ಎಲ್ಲ ಕೂಡಿಸಿದರೆ ನನ್ನ ಕಾರಿನ ತಿಂಗಳ ಕಂತಿಗಿಂತ ಜಾಸ್ತಿ. ಆ ಕಂತು ಮಾತ್ರ 5ನೇ ತಾರೀಕು ತಪ್ಪದೆ ಅಕೌಂಟಿನಿಂದ ಹೋಗುತ್ತಿದೆ. ಬ್ಯಾಂಕಿನವರಿಗೆ ಯಾವ ಅಪ್ರೂವಲ್ಲೂ ಬೇಡ ನೋಡಿ.

ಪಾಲಿಸಿ ಮಾಡಿಸುವಾಗ "ಡೈಲಿ ಅಲವೆನ್ಸ್ ಆ್ಯಡ್-ಆನ್ ತಗೊಳ್ಳಿ, ಗಾಡಿ ರಿಪೇರಿಯಲ್ಲಿದ್ದರೂ ನಿಮಗೆ ಚಿಂತೆ ಇರಲ್ಲ" ಅಂದಿದ್ದರು. ದುಡ್ಡು ಕೊಟ್ಟು ತೆಗೆದುಕೊಂಡಿದ್ದೇನೆ. ಈಗ ಷರತ್ತು ತೆಗೆದು ತೋರಿಸುತ್ತಾರೆ. ದಿನಕ್ಕೆ 500 ರೂಪಾಯಿ. ಮೊದಲ 3 ದಿನ ಲೆಕ್ಕಕ್ಕಿಲ್ಲ. ಹೆಚ್ಚೆಂದರೆ 10 ದಿನ. ಅಪ್ರೂವಲ್‌ಗೆ, ಬಿಡಿಭಾಗಕ್ಕೆ ಕಾಯುವ ದಿನಗಳಿಗೆ ಕೊಡಲ್ಲ, ಮೆಕ್ಯಾನಿಕ್ ಕೈ ಹಾಕಿದ ದಿನಗಳಿಗೆ ಮಾತ್ರ. ಅದೂ ಕ್ಲೇಮ್ ಪಾಸಾದ ಮೇಲೆ! ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗಾಯಿತು.

ನಿಯಮ ಇಲ್ಲವೇ? ಇದೆ. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐನವರು 2024ರಲ್ಲೇ ಹೇಳಿದ್ದಾರೆ: 24 ಗಂಟೆಯೊಳಗೆ ಸರ್ವೇಯರ್ ನೇಮಿಸಬೇಕು, 15 ದಿನದಲ್ಲಿ ರಿಪೋರ್ಟ್ ತರಿಸಬೇಕು, ರಿಪೋರ್ಟ್ ಬಂದು 7 ದಿನದಲ್ಲಿ ತೀರ್ಮಾನ ಹೇಳಬೇಕು. ಇದನ್ನು ಕಸ್ಟಮರ್ ಕೇರ್ ಹುಡುಗಿಗೆ ಓದಿ ಹೇಳಿದೆ. "ನೋಟ್ ಮಾಡ್ಕೊಂಡಿದ್ದೀನಿ ಸರ್." ಪಾಪ, ಅವಳ ಮೇಲೆ ಕೂಗಾಡಿ ಏನು ಪ್ರಯೋಜನ? ಗಾಡಿ ಒಂದು ದಿನ ಜಾಸ್ತಿ ನಿಂತರೆ ಕಂಪನಿಗೆ ಒಂದು ಪೈಸೆ ಖರ್ಚಿಲ್ಲ. ಸರ್ವೇಯರ್‌ಗಿಲ್ಲ, ಗ್ಯಾರೇಜಿಗಿಲ್ಲ. ಗುದ್ದಿದವನಂತೂ ಅದೇ ಟೆಂಪೋದಲ್ಲಿ ಬಾಡಿಗೆ ಹೊಡೆಯುತ್ತಿದ್ದಾನೆ. ಖರ್ಚೆಲ್ಲ ನನ್ನೊಬ್ಬನದು. ಮತ್ತೆ ಅವರು ಯಾಕೆ ಅವಸರ ಮಾಡುತ್ತಾರೆ? ಕಾರು ನಿಂತ ಪ್ರತಿ ದಿನಕ್ಕೂ ಬದಲಿ ಗಾಡಿಯ ಬಾಡಿಗೆ ಅವರ ತಲೆಗೆ ಕಟ್ಟಲಿ, ಆ ರಿಪೋರ್ಟ್ ಸಂಜೆಯೊಳಗೆ ಬರುತ್ತದೋ ಇಲ್ಲವೋ ನೋಡಿ.

ಐಆರ್‌ಡಿಎಐನ ದೂರಿನ ವೆಬ್‌ಸೈಟ್ ಬಿಮಾ ಭರೋಸಾದಲ್ಲಿ ದೂರು ಹಾಕಿದ್ದೇನೆ. ತಿಂಗಳೊಳಗೆ ಸರಿಯಾದ ಉತ್ತರ ಬರದಿದ್ದರೆ ವಿಮೆಯ ದೂರು ಕೇಳಿ ತೀರ್ಪು ಕೊಡುವ, ಇಲ್ಲೇ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ. ಕ್ಯಾಬ್ ಬಿಲ್ಲುಗಳನ್ನೆಲ್ಲ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ದುಡ್ಡು ಕೊಡುತ್ತಾರೋ ಬಿಡುತ್ತಾರೋ, ಅಷ್ಟನ್ನೂ ಕೂತು ಓದುವ ಕೆಲಸವಾದರೂ ಅವರಿಗೆ ಸಿಗಲಿ.