ಗೌನು ಗೂಟಕ್ಕೆ ಹಾಕಿದ ಮೇಲೆ

ಮೈಸೂರಿನಲ್ಲಿ ಜೂನಿಯರ್ ವಕೀಲನಾಗಿದ್ದಾಗ ಒಮ್ಮೆ ಕತ್ತಿನ ಬ್ಯಾಂಡ್ ಬಿಚ್ಚದೆ ಹೋಟೆಲಿಗೆ ನುಗ್ಗಿದ್ದೆ. ಸೀನಿಯರ್ ಇಡ್ಲಿ ಬಿಟ್ಟು ಬೈದರು. "ಬ್ಯಾಂಡು, ಗೌನು ಕೋರ್ಟ್ ಒಳಗಷ್ಟೇ ಕಣಯ್ಯಾ. ರೂಲ್ಸ್ ಓದಿಲ್ವಾ?"

ಓದಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಜವಾಗಿಯೂ ಹಾಗೇ ಇದೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಸಿಕ್ಕಿತು. ವಕೀಲ ಯಾವಾಗಲೂ ಸಭ್ಯಸ್ಥನಾಗಿ ನಡೆದುಕೊಳ್ಳಬೇಕಂತೆ. ಬೇರೆಯವರಿಗೆ ಕಾನೂನಿನಲ್ಲೂ ನೀತಿಯಲ್ಲೂ ಸರಿ ಎನಿಸಿದ್ದು ಕೂಡ ವಕೀಲನಿಗೆ ತಪ್ಪಾಗಬಹುದಂತೆ. ಸಂಜೆ ಗೌನು ಗೂಟಕ್ಕೆ ಹೋಗುತ್ತದೆ, ಈ ಮಾತು ಮಾತ್ರ ಮನೆವರೆಗೂ ಹಿಂದೆ ಬರುತ್ತದೆ.

ಈಗ ಇಂಗ್ಲೆಂಡಿನ ರೆಡಿಂಗಿನಲ್ಲಿ ಸಾಲಿಸಿಟರ್, ಅಂದರೆ ಅಲ್ಲಿನ ಒಂದು ಬಗೆಯ ವಕೀಲ, ಆಗಿದ್ದೇನೆ. ಇಲ್ಲಿ ನಮ್ಮ ವೃತ್ತಿಯವರ ಬಾಯಲ್ಲಿ ಬೆಕ್ವಿತ್ ಪ್ರಕರಣ ಆಗಾಗ ಬರುತ್ತಿರುತ್ತದೆ. 2016ರಲ್ಲಿ ಲಂಡನ್ನಿನ ದೊಡ್ಡ ಕಾನೂನು ಸಂಸ್ಥೆಯ ಪಾಲುದಾರ ಬೆಕ್ವಿತ್ ಆಫೀಸಿನವರೆಲ್ಲ ಪಬ್ಬಿನಲ್ಲಿ ಸೇರಿದ್ದ ಸಂಜೆ, ತುಂಬಾ ಕುಡಿದಿದ್ದ ಕಿರಿಯ ಸಹೋದ್ಯೋಗಿಯೊಂದಿಗೆ ದೈಹಿಕ ಸಂಪರ್ಕ ಮಾಡಿದರು ಅಂತ ದೂರು. 2019ರಲ್ಲಿ ಸಾಲಿಸಿಟರ್‌ಗಳ ಶಿಸ್ತು ನ್ಯಾಯಮಂಡಳಿ 35 ಸಾವಿರ ಪೌಂಡ್ ದಂಡ ಹಾಕಿತು. ಖರ್ಚಿನ ಬಾಬ್ತು ಇನ್ನೂ 2 ಲಕ್ಷ ಪೌಂಡ್. 2020ರ ನವೆಂಬರಿನಲ್ಲಿ ಹೈಕೋರ್ಟ್ ಎಲ್ಲವನ್ನೂ ರದ್ದು ಮಾಡಿತು. ಆತ ತನ್ನ ಹಿರಿತನವನ್ನು ದುರುಪಯೋಗ ಮಾಡಿಕೊಂಡ ಅಂತ ಮಂಡಳಿಯೇ ಹೇಳಿಲ್ಲವಲ್ಲ, ಹಾಗಿದ್ದ ಮೇಲೆ ವೃತ್ತಿನಿಯಮ ಮುರಿದದ್ದು ಎಲ್ಲಿ ಅಂತ ಕೇಳಿತು. ಖಾಸಗಿ ನಡತೆಗೆ ಕೈ ಹಾಕಬೇಕಾದರೆ ಅದು ವೃತ್ತಿಗೋ ವೃತ್ತಿಯ ಮರ್ಯಾದೆಗೋ ನಿಜವಾಗಿ ತಾಗುವಂತಿರಬೇಕು, ಜನ ಕೂಗಾಡಿದರು ಅನ್ನುವುದು ಸಾಲದು ಎಂದಿತು.

ತೀರ್ಪು ಓದಿದಾಗ ಮೈಸೂರಿನ ಒಂದು ಸಂಜೆ ನೆನಪಾಯಿತು. ಒಬ್ಬ ವಕೀಲರ ಹೆಂಡತಿ ನಮ್ಮ ಆಫೀಸಿಗೆ ಬಂದಿದ್ದರು. ಗಂಡ ಬೇರೆ ಮನೆ ಮಾಡಿದ್ದಾರೆ, ಅಲ್ಲೊಬ್ಬಳಿದ್ದಾಳೆ. ವಕೀಲರ ಪರಿಷತ್ತಿಗೆ ದೂರು ಕೊಟ್ಟು ವಕೀಲಿ ಸನ್ನದು ಕೀಳಿಸಿ ಅಂತ ಅವರ ಬೇಡಿಕೆ. ಕೈಯಲ್ಲಿ ಹಾಲಿನ ಬಿಲ್ಲು, ಎರಡನೇ ಮನೆಯದು! "ಜೀವನಾಂಶಕ್ಕೆ ಹಾಕೋಣಮ್ಮ" ಅಂದರು ಸೀನಿಯರ್. ಆಕೆ ಒಪ್ಪಲಿಲ್ಲ. 1961ರ ವಕೀಲರ ಕಾಯ್ದೆಯ 35ನೇ ಕಲಂ ಆಕೆಯ ಕಡೆಗೇ ಇತ್ತು ಅನ್ನಿ. ಅದರಲ್ಲಿರುವುದು 'ವೃತ್ತಿಪರ ಅಥವಾ ಇತರ ದುರ್ನಡತೆ'. ಈ 'ಇತರ' ಅಂದರೇನು ಅಂತ ಕಾಯ್ದೆ ಹೇಳುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ದಂಡಸಂಹಿತೆಯ 497ನೇ ಕಲಂ ಹೊಡೆದುಹಾಕಿದ ಮೇಲೆ ವ್ಯಭಿಚಾರ ಅಪರಾಧವಲ್ಲ. ಆದರೂ 'ಇತರ' ಹಿಡಿದು ದೂರು ಬರೆಯಲು ಯಾರಿಗೂ ಅಡ್ಡಿಯಿಲ್ಲ.

ನನಗೆ ಇಂಗ್ಲೆಂಡಿನ ಹೈಕೋರ್ಟಿನ ಪ್ರಶ್ನೆಯೇ ಸರಿ ಅನಿಸುತ್ತದೆ. ಇದಕ್ಕೂ ಕಕ್ಷಿದಾರನ ಕೆಲಸಕ್ಕೂ ಏನು ಸಂಬಂಧ? ಕಕ್ಷಿದಾರನ ದುಡ್ಡು ನುಂಗಿದವನ ಫೈಲು ಧೂಳು ಹಿಡಿಯುತ್ತಾ, ಯಾರದೋ ಸಂಸಾರದ ಜಗಳ ನಮ್ಮ ಪರಿಷತ್ತಿನ ಶಿಸ್ತು ಸಮಿತಿಯ ಮೇಜಿಗೆ ಬರಬಾರದು. ಆ ಸಮಿತಿಯ ಮೂವರೂ ವಕೀಲರೇ. ಇಂಗ್ಲೆಂಡಿನ ಮಂಡಳಿಯಲ್ಲಿ ಇಬ್ಬರು ಸಾಲಿಸಿಟರ್, ಇನ್ನೊಬ್ಬರು ವೃತ್ತಿಯ ಹೊರಗಿನವರು. ನಮ್ಮಲ್ಲೂ ಹೊರಗಿನವರೊಬ್ಬರು ಕೂತರೆ ಒಳ್ಳೇದು.

ಆದರೆ ಲಂಡನ್ನಿನ ಗೆರೆಯನ್ನು ಹಾಗೇ ತಂದು ಮೈಸೂರಿನಲ್ಲಿ ಎಳೆಯಲು ಹೋದರೆ ಕಷ್ಟ. ಲಂಡನ್ನಿನಲ್ಲಿ ಆಫೀಸು ಬೇರೆ, ಮನೆ ಬೇರೆ. ನಮ್ಮ ಸೀನಿಯರ್ ಆಫೀಸು ಅವರ ಮನೆಯ ಮುಂದಿನ ಕೋಣೆ. ಬಾಗಿಲು ತೆಗೆದರೆ ಊಟದ ಮೇಜು. ಜೂನಿಯರ್‌ಗೆ ನೇಮಕಪತ್ರವಿಲ್ಲ, ತಿಂಗಳಿಗೆ ಸಿಗುವುದು ಪೆಟ್ರೋಲ್ ಖರ್ಚು. ನಾಳೆ ಯಾವ ಕೋರ್ಟಿನಲ್ಲಿ ನಿಲ್ಲಬಹುದು ಅನ್ನುವುದೆಲ್ಲ ಒಬ್ಬರ ಕೈಯಲ್ಲಿ. ಅಲ್ಲಿ ರಾತ್ರಿ ಎಂಟು ಗಂಟೆಗೆ ಸೀನಿಯರ್ ಕೆಟ್ಟದಾಗಿ ನಡೆದುಕೊಂಡರೆ ಅದು ಖಾಸಗಿಯೋ ವೃತ್ತಿಯೋ? ನನ್ನ ಪ್ರಕಾರ ಪೂರ್ತಿ ವೃತ್ತಿಯೇ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ದೂರು ಕೇಳುವ ಆಂತರಿಕ ಸಮಿತಿ ಬೇಕಾಗುವುದು ಹತ್ತು ಅಥವಾ ಹೆಚ್ಚು ಜನರಿದ್ದ ಕಡೆ. ನಾವಿದ್ದದ್ದು ಮೂರು ಜನ, ಒಂದು ಟೈಪಿಂಗ್ ಮಿಷಿನ್ನು. 'ಇತರ ದುರ್ನಡತೆ' ಅನ್ನುವುದು ಇಂಥ ಕಡೆ ಉಪಯೋಗಕ್ಕೆ ಬರಲಿ, ಹಾಲಿನ ಬಿಲ್ಲು ಎಣಿಸೋದಕ್ಕಲ್ಲ.

ನಮ್ಮ ಸೀನಿಯರ್ ಈ ಕಲಂ ಬಗ್ಗೆ ಭಾಷಣ ಮಾಡಿದವರಲ್ಲ. ಹೋದ ವರ್ಷ ಊರಿಗೆ ಹೋದಾಗ ರಾತ್ರಿ ಅವರ ಆಫೀಸಿಗೆ ಹೋಗಿದ್ದೆ. ಬೀದಿ ಬಾಗಿಲು ಅಗಲ ತೆಗೆದಿತ್ತು, ಒಳಗೆಲ್ಲ ಸೊಳ್ಳೆ. ಹಾಕಲು ಹೋದೆ. "ಬೇಡಪ್ಪ, ಬಿಡು" ಅಂದರು ಒಳಗಿನಿಂದ ಅವರ ಮನೆಯವರು. "ಹೆಣ್ಣುಮಕ್ಕಳು ಜೂನಿಯರ್ ಆಗಿ ಬರೋಕೆ ಶುರು ಮಾಡಿದ್ಮೇಲೆ ಅದನ್ನ ಹಾಕೋದೇ ಇಲ್ಲ."