ಬಿಲ್ಲಿನಾಗ ಬೆಳೆದ ಗ್ವಾಡಿ

ಗಂಗಾವತಿ ಕಡೆ ಒಂದು ರೈಸ್ ಮಿಲ್ಲಿನ ಕಾಂಪೌಂಡ್ ಗುತ್ತಿಗೆ ಹಿಡಿದಿದ್ದೆ. ಒಟ್ಟು 300 ಅಡಿ, ಅಡಿಗೆ 1,200 ರೂಪಾಯಿ, ಕೆಲಸ ನಡೆದಂತೆ ಆರ್‌ಎ ಬಿಲ್ಲು, ಅಂದರೆ ರನ್ನಿಂಗ್ ಅಕೌಂಟ್: ಆದಷ್ಟು ಕೆಲಸಕ್ಕೆ ಆಗಾಗ ಕಂತಿನ ಬಿಲ್ಲು. ಇಂಥ ಬಿಲ್ಲನ್ನು ಇಪ್ಪತ್ತು ವರ್ಷ ಕಾರ್ಬನ್ ಹಾಳೆ ಇಟ್ಟು ಬರೆದವನು ನಾನು. ಈ ಸಲ ಮಗಳು ಲ್ಯಾಪ್‌ಟಾಪಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟು, "ಉಳಿದದ್ದು ಫೋನಿನ್ಯಾಗ ಹೇಳ್ತೀನಪ್ಪಾ" ಅಂತ ಕೊಪ್ಪಳದಿಂದ ಹುಬ್ಬಳ್ಳಿ ರೈಲು ಹತ್ತಿದಳು.

ಮೊದಲ ಬಿಲ್ಲು 120 ಅಡಿಗೆ. ಸಲೀಸಾಗಿ ಹೋಯಿತು. ಎರಡನೆಯದರ ಹೊತ್ತಿಗೆ ಗೋಡೆ 210ಕ್ಕೆ ಬಂದಿತ್ತು. ಟೇಪು ಹಿಡಿದು ಅಳೆದೆ, 210 ಅಂತಲೇ ಕುಟ್ಟಿದೆ, ವಾಟ್ಸಾಪ್ ಮಾಡಿ ಮಂಡಾಳ ಒಗ್ಗರಣಿ ಮುಂದೆ ಕುಳಿತೆ. ಎರಡನೇ ಮಿರ್ಚಿ ಬಾಯಲ್ಲಿರುವಾಗ ಮಿಲ್ಲಿನ ಸಾಹುಕಾರ್ರ ಫೋನು.

"ಏನ್ರಿ ಕಾಂಟ್ರಾಕ್ಟರ್ರ, ನಮ್ಮ ಗ್ವಾಡಿ ಇರೋದ 300 ಅಡಿ. ಎರಡೂ ಬಿಲ್ ಕೂಡಿಸಿದ್ರ 330 ಆಗೈತಿ. ಆ 30 ಅಡಿ ಬಾಜೂಕಿನವ್ರ ಗದ್ದಿಯಾಗ ಕಟ್ಟೀರೇನು?"

ಮಿರ್ಚಿ ಗಂಟಲಲ್ಲೇ ನಿಂತಿತು. ಹಳೇ ಪುಸ್ತಕದಲ್ಲಿ ಮೂರು ಕಾಲಂ ಇರುತ್ತಿದ್ದವು: ಇಲ್ಲೀತನಕ ಆದದ್ದು, ಹಿಂದಿನ ಬಿಲ್ಲಿನದು, ಈಗಿನದು. ಕಳೆಯುವುದು ಕೈಗೇ ರೂಢಿ. ಪರದೆಯ ಮೇಲೆ ಇದ್ದದ್ದು ಒಂದೇ ಖಾನೆ, ಅದಕ್ಕೆ ಬೇಕಾಗಿದ್ದು ಈಗಿನ 90 ಅಡಿ. ಬರಬೇಕಾದ್ದು 1,08,000, ನಾನು ಕೇಳಿದ್ದು 2,52,000. ಅದರ ಮೇಲೆ 18% ಜಿಎಸ್‌ಟಿ ಬೇರೆ, ಚೊಕ್ಕವಾಗಿ.

ತಿದ್ದಿಸಲು ಎರಡೂ ಬಿಲ್ಲು ಮಗಳಿಗೆ ವಾಟ್ಸಾಪ್ ಮಾಡಿ ಫೋನು ಹಚ್ಚಿದೆ. ಅವಳ ಕಣ್ಣು ಮೊದಲ ಬಿಲ್ಲಿನ ಮೇಲೆ ಬಿತ್ತು.

"ಅಪ್ಪಾ, ಈ 7,200 ಡಿಸ್ಕೌಂಟ್ ಯಾರಿಗ್ ಕೊಟ್ಟಿ?"

"ಡಿಸ್ಕೌಂಟ್ ಎಲ್ಲೀದವ್ವಾ, ಅದು ರಿಟೆನ್ಷನ್. 5% ಹಿಡಕೊಂಡಾರ, ಕೆಲಸ ಮುಗಿದ ಮ್ಯಾಲ ಕೊಡ್ತಾರ."

"ಮತ್ತ ಡಿಸ್ಕೌಂಟ್ ಖಾನೇದಾಗ್ಯಾಕ ಹಾಕಿ? ಅದು ಬರೋ ರೊಕ್ಕ. ಬ್ಯಾರೆ ಲೆಡ್ಜರ್ ತೆಗೀಬೇಕು."

ಮೈನಸ್ ಚಿಹ್ನೆ ಕಂಡದ್ದು ಅಲ್ಲೊಂದೇ ಕಡೆ, ಅದಕ್ಕೇ ಹಾಕಿದ್ದೆ ಅಂತ ಹೇಳಲಿಲ್ಲ. ರೊಕ್ಕ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಆ 1% ಟಿಡಿಎಸ್ಸನ್ನೂ ಅಲ್ಲೇ ತುರುಕುವವನಿದ್ದೆ ಅಂತಂತೂ ಹೇಳಲೇ ಇಲ್ಲ. ಮೊದಲ ಬಿಲ್ಲಿಗೆ ಸಾಹುಕಾರ್ರು ತುಟಿ ಪಿಟಕ್ಕೆನ್ನದೆ ಚೆಕ್ಕು ಹರಿದುಕೊಟ್ಟದ್ದು ಯಾಕೆಂದು ಈಗ ಗೊತ್ತಾಯಿತು.

ಮರುದಿನ ಎರಡೂ ಬಿಲ್ಲು ತಿದ್ದಿಕೊಂಡು ಮಿಲ್ಲಿಗೆ ಹೋದೆ. ಸಾಹುಕಾರ್ರು ಕನ್ನಡಕ ಏರಿಸಿ ಮೊದಲ ಬಿಲ್ಲನ್ನೇ ಓದಿದರು.

"ರಿಯಾಯಿತಿ ಅಂತ ನೀವ ಬರದು ಕೊಟ್ಟೀರಲ್ರಿ."

"ತಪ್ಪಾತ್ರಿ ಸಾಹುಕಾರ್ರ. ಅದು ನನಗ ಬರಬೇಕಾದ್ದು."

"ಆತ್ ಬಿಡ್ರಿ," ಅಂದರು, ಚಹಾ ತರಿಸುತ್ತಾ. "ಆ 30 ಅಡಿ ಗ್ವಾಡಿ ಕಟ್ಟಿಕೊಡ್ರಿ, ಈ 7,200 ಒಯ್ರಿ."